ಒಂದೇ ಬೆಳಗ್ಗೆ ಹುಟ್ಟುವ ಮರಿಗಳು

ಆಮೆಮರಿ ಸಾಕಲು ತಂದವರು ಮೊದಲ ದಿನವೇ ಕೇಳುವುದು ಎರಡು ಪ್ರಶ್ನೆ: ಏನು ತಿನ್ನಿಸಬೇಕು, ಎಷ್ಟು ಹೊತ್ತು ಬೆಳಕು ಕೊಡಬೇಕು. ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳ ಗಾಜಿನ ತೊಟ್ಟಿಯಲ್ಲಿ ಈಜಾಡುವ, ಕಿವಿಯ ಬಳಿ ಕೆಂಪು ಪಟ್ಟಿಯಿರುವ ಅಮೆರಿಕದ ಆಮೆಗೆ ಇವೆರಡೂ ತಪ್ಪಿದರೆ ಉಳಿವಿಲ್ಲ. ಬಿಸಿಲಿನ ನೇರಳಾತೀತ ಕಿರಣ ಮೈಮೇಲೆ ಬೀಳದಿದ್ದರೆ ಅದರ ಚರ್ಮದಲ್ಲಿ ಡಿ ಜೀವಸತ್ವ ತಯಾರಾಗುವುದಿಲ್ಲ; ಡಿ ಇಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ; ಚಿಪ್ಪು ಮೆತ್ತಗಾಗುತ್ತ ಹೋಗುತ್ತದೆ. ಮಂಡ್ಯದ ಹಳ್ಳಿಗಳಲ್ಲಿ ಆಮೆ ಸಾಕುವ ರೂಢಿ ಇಲ್ಲ. ಕಾವೇರಿ, ಶಿಂಷಾ, ಕೆರೆಕಟ್ಟೆಗಳಲ್ಲಿರುವ ನಮ್ಮವೇ ಆಮೆಗಳನ್ನು ಹಿಡಿದು ಮನೆಯಲ್ಲಿಟ್ಟುಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸುಮ್ಮನಿರುವುದಿಲ್ಲ. ಆದರೆ ಇದೇ ಎರಡು ಪ್ರಶ್ನೆಗಳನ್ನು, ಬೇರೆ ಒಂದು ಮರಿಯ ವಿಷಯದಲ್ಲಿ, ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳು ತಲೆಮಾರುಗಳಿಂದ ಕೇಳಿಕೊಳ್ಳುತ್ತಿವೆ. ಅವು ಕಂಡುಕೊಂಡ ಉತ್ತರಗಳು ಎಷ್ಟು ನಾಜೂಕಾಗಿವೆಯೆಂದರೆ, ಗಾಜಿನ ತೊಟ್ಟಿಯವರು ಒಮ್ಮೆ ಬಂದು ನೋಡಿ ಹೋಗಬೇಕು.

ಆ ಮರಿ ರೇಷ್ಮೆ ಹುಳು. ಮೊಟ್ಟೆಯೊಡೆದು ಬಂದ ಗಳಿಗೆಯಿಂದ ಎರಡನೇ ಜ್ವರ ಮುಗಿಸಿ ಏಳುವವರೆಗಿನ ಏಳೆಂಟು ದಿನಗಳ ಎಳೆತನ ಚಾಕಿ. ಪೊರೆ ಬಿಡುವುದಕ್ಕೆ ಹುಳು ಮೇವು ನಿಲ್ಲಿಸಿ, ತಲೆಯೆತ್ತಿ, ಅಲ್ಲಾಡದೆ ಕೂರುವುದನ್ನು ರೈತರು ಜ್ವರ ಎನ್ನುತ್ತಾರೆ. ಹೀಗೆ ನಾಲ್ಕು ಜ್ವರ ದಾಟಿದ ಮೇಲೆ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಹತ್ತುತ್ತದೆ. ಹುಟ್ಟಿದಾಗ ಅದರ ಉದ್ದ ಮೂರು ಮಿಲಿಮೀಟರ್, ತೂಕ ಅರ್ಧ ಮಿಲಿಗ್ರಾಂ, ಮೈತುಂಬ ಕಪ್ಪು ಕೂದಲು. ಇಪ್ಪತ್ತೈದು ದಿನ ಕಳೆಯುವಷ್ಟರಲ್ಲಿ ಅದೇ ಹುಳು ನಾಲ್ಕೈದು ಗ್ರಾಂ ತೂಗುತ್ತದೆ, ಅಂದರೆ ಸುಮಾರು ಹತ್ತು ಸಾವಿರ ಪಟ್ಟು. ರೈತರ ಲೆಕ್ಕದಲ್ಲಿ ನೂರು ಮೊಟ್ಟೆಯೆಂದರೆ ನೂರು ಚಿಟ್ಟೆಗಳು ಇಟ್ಟಿದ್ದು. ಒಂದೊಂದು ಚಿಟ್ಟೆ ನಾನೂರು, ಐನೂರು ಇಡುವುದರಿಂದ ಹುಳು ನಲವತ್ತೋ ಐವತ್ತೋ ಸಾವಿರ. ಅವೆಲ್ಲ ಸೇರಿ ಗೂಡು ಕಟ್ಟುವತನಕ ತಿನ್ನುವ ಹಿಪ್ಪುನೇರಳೆ ಸೊಪ್ಪು ಹೆಚ್ಚು ಕಡಿಮೆ ಒಂದು ಟನ್. ಅದರಲ್ಲಿ ಚಾಕಿಗೆ ಸಲ್ಲುವುದು ಹತ್ತು ಕೆಜಿಯ ಆಸುಪಾಸು. ನೂರರಲ್ಲಿ ಒಂದು ಪಾಲು ಸೊಪ್ಪಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎಂದು ಹೊಸದಾಗಿ ಹುಳು ಹಾಕಿದವರಿಗೆ ಅನ್ನಿಸುವುದುಂಟು. ಒಂದು ಬೆಳೆ ಕೆಟ್ಟ ಮೇಲೆ ಅನ್ನಿಸುವುದಿಲ್ಲ. ಚಾಕಿಯಲ್ಲಿ ಸೊರಗಿದ ಹುಳುವಿಗೆ ಕಡೆಯ ವಾರ ಎಷ್ಟು ಕಡ್ಡಿ ಕೊಯ್ದು ಹಾಕಿದರೂ ಅದು ಚೇತರಿಸಿಕೊಳ್ಳುವುದಿಲ್ಲ.

ಈ ಎರಡು ಪ್ರಶ್ನೆಗಳು ಮಂಡ್ಯಕ್ಕೆ ಬಂದದ್ದು ಇನ್ನೂರು ವರ್ಷಕ್ಕೂ ಹಿಂದೆ. 1780ರ ದಶಕದಲ್ಲಿ ಟಿಪ್ಪು ಸುಲ್ತಾನ ಹುಳು ತರಲು ಬಂಗಾಳಕ್ಕೆ ಜನರನ್ನು ಕಳಿಸಿದ್ದ. ಅವರು ಶ್ರೀರಂಗಪಟ್ಟಣಕ್ಕೆ ಮರಳುವ ಹೊತ್ತಿಗೆ ಅಲ್ಲಿನ ಕೋಟೆಯ ಅಧಿಕಾರಿಗೆ ಅವನು ಬರೆದ ಪತ್ರದ ಸಾರಾಂಶ ಇಷ್ಟೇ: ಹುಳುವನ್ನು ಎಂಥ ಜಾಗದಲ್ಲಿ ಇಡಬೇಕೆಂದು ಬಂದವರನ್ನೇ ಕೇಳಿ ತಿಳಿದುಕೋ, ತಿನ್ನಿಸಲು ಹಿಪ್ಪುನೇರಳೆ ಒದಗಿಸು. ಜಾಗ ಮತ್ತು ಮೇವು; ಬೆಳಕಿನ ಪ್ರಶ್ನೆ ಜಾಗದೊಳಗೇ ಇದೆ. ಯುದ್ಧ, ಕಂದಾಯ, ಫಿರಂಗಿಗಳ ನಡುವೆ ಒಬ್ಬ ದೊರೆ ಈ ಎರಡನ್ನು ನೆನಪಿಟ್ಟು ಕೇಳಿದ್ದು ನನಗೆ ಅವನ ಬಗ್ಗೆ ಓದಿದ ಬೇರೆ ಎಷ್ಟೋ ಸಂಗತಿಗಿಂತ ಹೆಚ್ಚು ಹಿಡಿಸುತ್ತದೆ.

ಚಾಕಿಯವರ ಕೆಲಸವನ್ನು ಹತ್ತಿರದಿಂದ ನೋಡಿದರೆ ಅವರ ಎಲ್ಲ ಪಾಡಿನ ಹಿಂದೆ ಒಂದೇ ಹಟ ಕಾಣುತ್ತದೆ. ಹುಳು ಒಂದೇ ಸಮ ಇರಬೇಕು. ನಲವತ್ತು ಸಾವಿರವೂ ಒಟ್ಟಿಗೆ ಹುಟ್ಟಬೇಕು, ಒಟ್ಟಿಗೆ ತಿನ್ನಬೇಕು, ಒಟ್ಟಿಗೆ ಜ್ವರಕ್ಕೆ ಕೂತು ಒಟ್ಟಿಗೆ ಏಳಬೇಕು. ಹಸುವಿನ ಕೊಟ್ಟಿಗೆಯಲ್ಲಿ ಒಂದು ಕರು ಹಿಂದುಳಿದರೆ ಅದನ್ನು ಬೇರೆ ಕಟ್ಟಿ ನೋಡಿಕೊಳ್ಳಬಹುದು. ಇಲ್ಲಿ ಹಿಂದುಳಿದ ಹುಳುವನ್ನು ಹುಡುಕಿ ತೆಗೆಯುವುದು ಆಗದ ಮಾತು. ಅರ್ಧ ಹುಳು ಜ್ವರದಲ್ಲಿದ್ದು ಅರ್ಧ ಹುಳು ಹಸಿದಿದ್ದರೆ ಸೊಪ್ಪು ಹಾಕಿದರೂ ನಷ್ಟ, ಹಾಕದಿದ್ದರೂ ನಷ್ಟ. ಹಾಕಿದರೆ ಜ್ವರದ ಹುಳು ಸೊಪ್ಪಿನಡಿ ಮುಚ್ಚಿಹೋಗಿ ಹಸಿಯಲ್ಲಿ ನರಳುತ್ತದೆ; ಹಾಕದಿದ್ದರೆ ಎದ್ದ ಹುಳು ಬಳಲುತ್ತದೆ. ಈ ತಾಪತ್ರಯವೇ ಬಾರದ ಹಾಗೆ ಮೊದಲೇ ನೋಡಿಕೊಳ್ಳುವುದು ಚಾಕಿಯ ಜಾಣತನ. ಅದು ಹುಳು ಹುಟ್ಟುವ ಮೊದಲೇ, ಬೆಳಕಿನಿಂದ, ಶುರುವಾಗುತ್ತದೆ.

ಬಿತ್ತನೆ ಕೋಠಿಯಿಂದ ಬರುವ ಮೊಟ್ಟೆ ಗಸಗಸೆ ಕಾಳಿನಷ್ಟು. ಹಾಳೆಗೆ ಅಂಟಿಕೊಂಡೋ, ಬಿಡಿಯಾಗಿ ಪೆಟ್ಟಿಗೆಯಲ್ಲೋ ಬರುತ್ತದೆ. ಅದನ್ನು 25 ಡಿಗ್ರಿ ಸೆಲ್ಸಿಯಸ್ ಶಾಖ, ನೂರಕ್ಕೆ ಎಂಬತ್ತರಷ್ಟು ತೇವದಲ್ಲಿ ಹತ್ತು ದಿನದ ಹತ್ತಿರ ಇಡಬೇಕು. ಮಾರ್ಚ್, ಏಪ್ರಿಲ್ ತಿಂಗಳ ಮಂಡ್ಯದಲ್ಲಿ 25 ಡಿಗ್ರಿ ಹುಡುಕುವುದು ಸುಲಭವೇನಲ್ಲ. ಹಿಂದೆ ಮಣ್ಣಿನ ಗುಡಾಣ, ಒದ್ದೆ ಮರಳು, ನೀರು ಚಿಮುಕಿಸಿದ ಗೋಣಿತಾಟು. ಈಗ ಕೂಲರ್, ಹ್ಯುಮಿಡಿಫೈಯರ್. ಗೋಡೆಗೆ ನೇತುಹಾಕಿದ ತೇವಮಾಪಕದ ಎರಡು ಪಾದರಸದ ಕಡ್ಡಿಗಳನ್ನು, ಒಂದು ಒಣಗಿದ್ದು, ಇನ್ನೊಂದು ಒದ್ದೆ ಬತ್ತಿ ಸುತ್ತಿದ್ದು, ಓದಿ ವ್ಯತ್ಯಾಸದಿಂದ ತೇವ ಎಷ್ಟಿದೆಯೆಂದು ಹೇಳುವ ಹೆಣ್ಣುಮಕ್ಕಳು ಈ ತಾಲ್ಲೂಕುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಕೆಲವರು ಶಾಲೆಯಲ್ಲಿ ವಿಜ್ಞಾನದ ಪಾಠ ಕೇಳಿದವರೂ ಅಲ್ಲ.

ಈ ದಿನಗಳಲ್ಲಿ ಮೊಟ್ಟೆಗೆ ದಿನಕ್ಕೆ ಹದಿನಾರು ಗಂಟೆ ಬೆಳಕು, ಎಂಟು ಗಂಟೆ ಕತ್ತಲೆ. ಕಣ್ಣೂ ಬಿಡದ ಭ್ರೂಣಕ್ಕೆ ಬೆಳಕೇಕೆ? ವರ್ಷಕ್ಕೆ ಎರಡು ಪೀಳಿಗೆ ಕಾಣುವ ದ್ವಿತಳಿ ಹುಳುಗಳಲ್ಲಿ ಇದಕ್ಕೆ ಸಿಕ್ಕಿರುವ ಉತ್ತರ ಬೆರಗಿನದು. ಮೊಟ್ಟೆಯೊಳಗಿನ ಭ್ರೂಣ ತಾನು ಕಂಡ ಬೆಳಕನ್ನೂ ಶಾಖವನ್ನೂ ನೆನಪಿಟ್ಟುಕೊಳ್ಳುತ್ತದೆ. ದೀರ್ಘ ಹಗಲು, 25 ಡಿಗ್ರಿ ಶಾಖ ಕಂಡ ಮೊಟ್ಟೆಯಿಂದ ಬಂದ ಹೆಣ್ಣು ಹುಳು ಮುಂದೆ ಚಿಟ್ಟೆಯಾದಾಗ ಇಡುವ ಮೊಟ್ಟೆ ತಿಂಗಳುಗಟ್ಟಲೆ ನಿದ್ದೆ ಹೋಗುತ್ತದೆ. ಚಳಿಯಲ್ಲಿ, ಕತ್ತಲೆಯಲ್ಲಿ ಇದ್ದ ಮೊಟ್ಟೆಯಿಂದ ಬಂದ ಹೆಣ್ಣು ಇಡುವ ಮೊಟ್ಟೆ ನಿದ್ದೆಯಿಲ್ಲದೆ ಹತ್ತು ದಿನಕ್ಕೆ ಒಡೆಯುತ್ತದೆ. ಬೇಸಿಗೆ ಬಂದಿದೆ, ಮುಂದೆ ಚಳಿಗಾಲ ಇದೆ, ಮಕ್ಕಳು ಮೊಟ್ಟೆಯೊಳಗೇ ಕಾಯಲಿ ಎಂದು ತಾಯಿ ಹುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ ಎನ್ನಬಹುದು. ನಮ್ಮ ಹಳೆಯ ಮೈಸೂರು ತಳಿಗೆ ಈ ಗೋಜಲೇ ಇಲ್ಲ. ಅದು ಚಳಿಗಾಲವೇ ಇಲ್ಲದ ನಾಡಿನ ಹುಳು, ವರ್ಷವಿಡೀ ಒಂದರ ಹಿಂದೊಂದು ಬೆಳೆ ಕೊಡುತ್ತದೆ. ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿಯ ಗಂಡು ಕೂಡಿಸಿ ಮಾಡಿದ ಮಿಶ್ರ ತಳಿ ತಾಯಿಯ ಗುಣ ಉಳಿಸಿಕೊಂಡು ಹತ್ತು ದಿನಕ್ಕೇ ಒಡೆಯುತ್ತದೆ. ಮಳವಳ್ಳಿ, ಮದ್ದೂರಿನ ರೈತರಿಗೆ ಬಹಳ ಕಾಲ ಅನ್ನ ಹಾಕಿದ್ದು ಈ ಮಿಶ್ರ ತಳಿ.

ಏಳೆಂಟನೆಯ ದಿನ ಮೊಟ್ಟೆಯ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಮೂಡುತ್ತದೆ. ಅದು ಒಳಗಿರುವ ಮರಿಯ ತಲೆ. ಮರುದಿನ ಮೊಟ್ಟೆಯೆಲ್ಲ ನೀಲಿಗೆ ತಿರುಗುತ್ತದೆ. ಚುಕ್ಕೆ ಕಂಡೊಡನೆ ಮೊಟ್ಟೆ ಹಾಳೆಗಳನ್ನು ಕಪ್ಪು ಕಾಗದದಲ್ಲೋ ಕಪ್ಪು ಬಟ್ಟೆಯಲ್ಲೋ ಸುತ್ತಿ, ಪೆಟ್ಟಿಗೆಯೊಳಗೆ ಎರಡು ದಿನ ಪೂರ್ತಿ ಕತ್ತಲೆಯಲ್ಲಿಡುತ್ತಾರೆ. ಇದು ಚಾಕಿಯ ಕಸುಬಿನಲ್ಲಿ ನಾನು ಅತಿ ಹೆಚ್ಚು ಮೆಚ್ಚುವ ಕೆಲಸ. ನೂರು ಚಿಟ್ಟೆಗಳು ಒಂದೇ ಗಳಿಗೆಯಲ್ಲಿ ಮೊಟ್ಟೆ ಇಟ್ಟಿರುವುದಿಲ್ಲ. ಕೆಲವು ಮರಿ ಅರ್ಧ ದಿನ ಮುಂದೆ, ಕೆಲವು ಅರ್ಧ ದಿನ ಹಿಂದೆ. ಕತ್ತಲೆ ಮುಂದಿದ್ದವನ್ನು ತಡೆದು ನಿಲ್ಲಿಸುತ್ತದೆ, ಅಷ್ಟರಲ್ಲಿ ಹಿಂದಿದ್ದವು ಬಂದು ಕೂಡಿಕೊಳ್ಳುತ್ತವೆ. ಮೂರನೆಯ ದಿನ ಬೆಳಗ್ಗೆ ಆರರ ಹೊತ್ತಿಗೆ ಕಾಗದ ಬಿಚ್ಚಿ ಮೊಟ್ಟೆಗೆ ಬೆಳಕು ತೋರಿಸುತ್ತಾರೆ. ರೇಷ್ಮೆ ಹುಳು ಹೇಗೂ ಮುಂಜಾನೆ ಹುಟ್ಟುವ ಜೀವ. ಬೆಳಕು ಬಿದ್ದದ್ದೇ ತಡ, ಎರಡು ಮೂರು ಗಂಟೆಯೊಳಗೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮೊಟ್ಟೆ ಒಡೆದು ಹಾಳೆ ಕಪ್ಪಗಾಗುತ್ತದೆ. ಕತ್ತಲೆ ಕೊಡದೆ ಬಿಟ್ಟ ಮೊಟ್ಟೆ ಎರಡು ಮೂರು ಬೆಳಗ್ಗೆ ಚೂರು ಚೂರಾಗಿ ಒಡೆಯುತ್ತದೆ. ಅಲ್ಲಿಂದ ಮುಂದೆ ಗೂಡು ಕಟ್ಟುವವರೆಗೂ ಆ ಬೆಳೆಗೆ ಹಿಂದು ಮುಂದು ತಪ್ಪದು. ಖರ್ಚು ನೋಡಿದರೆ ಒಂದು ಕಪ್ಪು ಕಾಗದ.

ಆಮೆಗೆ ಬೆಳಕು ಮೇವಿನ ಒಂದು ಭಾಗ, ಅದನ್ನು ಮೈ ಕುಡಿಯಬೇಕು. ಹುಳುವಿಗೆ ಬೆಳಕು ಗಡಿಯಾರ. ಎಷ್ಟು ಬೆಳಕು ಎನ್ನುವುದಕ್ಕಿಂತ ಯಾವಾಗ ಬೆಳಕು ಎನ್ನುವುದು ಇಲ್ಲಿ ಮುಖ್ಯ.

ಬೆಳಗ್ಗೆ ಒಂಬತ್ತು, ಹತ್ತು ಗಂಟೆಗೆ ಚಾಕಿ ಕಟ್ಟುವ ಕೆಲಸ. ಒಡೆದ ಮರಿಗಳ ಮೇಲೆ ಸಣ್ಣಗೆ ಹೆಚ್ಚಿದ ಎಳೆಸೊಪ್ಪನ್ನು ಉದುರಿಸಿದರೆ ಅವು ವಾಸನೆ ಹಿಡಿದು ಸೊಪ್ಪಿನ ಮೇಲೇರುತ್ತವೆ. ಸ್ವಲ್ಪ ಹೊತ್ತಿಗೆ ಹಾಳೆಯನ್ನು ತಟ್ಟೆಯ ಮೇಲೆ ಬಾಗಿಸಿ ಮೆಲ್ಲಗೆ ತಟ್ಟಿ, ಉಳಿದವನ್ನು ಕೋಳಿಯ ಮೃದುವಾದ ಗರಿಯಿಂದ ಸವರಿ ಇಳಿಸಿಕೊಳ್ಳುತ್ತಾರೆ. ಬೆರಳು ತಾಗಿಸುವಂತಿಲ್ಲ, ಅರ್ಧ ಮಿಲಿಗ್ರಾಂ ಜೀವಕ್ಕೆ ನಮ್ಮ ಬೆರಳಿನ ತುದಿಯೂ ಭಾರ. ನೂರು ಮೊಟ್ಟೆಯ ಹುಳು ಆ ದಿನ ಸುಮಾರು ನಾಲ್ಕು ಚದರಡಿಯಲ್ಲಿ ಹಿಡಿಸಿಬಿಡುತ್ತದೆ. ಎರಡನೇ ಜ್ವರಕ್ಕೆ ಹೋಗುವ ಹೊತ್ತಿಗೆ ಅದಕ್ಕೆ 45 ಚದರಡಿಯಷ್ಟು ಹಾಸಿಗೆ ಬೇಕು. ದಿನದಿನವೂ ಹಾಸಿಗೆಯನ್ನು ಚಾಪ್‌ಸ್ಟಿಕ್ ತರದ ಬಿದಿರು ಕಡ್ಡಿಗಳಿಂದ ಅಂಚಿನತ್ತ ಸರಿಸಿ ಹರಡುತ್ತಾರೆ. ಇಕ್ಕಟ್ಟಾದರೆ ಗಟ್ಟಿ ಹುಳು ತಿಂದು ಮೆತ್ತನೆಯದು ಸೊರಗುತ್ತದೆ. ಸಡಿಲ ಹೆಚ್ಚಾದರೆ ಸೊಪ್ಪು ಒಣಗಿ ದಂಡ.

ಇನ್ನು ಮೇವು. ರೇಷ್ಮೆ ಹುಳು ಹಿಪ್ಪುನೇರಳೆ ಬಿಟ್ಟು ಬೇರೆ ಮುಟ್ಟುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಹಿಪ್ಪುನೇರಳೆಯಲ್ಲೂ ಚಾಕಿ ಹುಳು ಎಲ್ಲ ಎಲೆ ತಿನ್ನುವುದಿಲ್ಲ ಎಂಬುದು ತೋಟಕ್ಕೆ ಹೋದವರಿಗೆ ಗೊತ್ತು. ಕಡ್ಡಿಯ ತುದಿಯಲ್ಲಿ ಇನ್ನೂ ಸುರುಳಿ ಬಿಚ್ಚದ ಎಲೆ ತೀರ ಎಳೆಯದು, ನೀರು ಹೆಚ್ಚು, ಸತ್ವ ಕಡಿಮೆ. ಅದರ ಕೆಳಗೆ ಮೂರನೆಯದೋ ನಾಲ್ಕನೆಯದೋ ಎಲೆ ಬಿಸಿಲಿಗೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಹೊಳೆಯುವ ಎಲೆಗಳಲ್ಲಿ ದೊಡ್ಡದು ಯಾವುದೋ ಅದೇ ಗುರುತು. ಮೊದಲ ಹಂತದ, ಅಂದರೆ ಮೊದಲ ಜ್ವರಕ್ಕೆ ಮುಂಚಿನ, ಹುಳುವಿಗೆ ಅದರ ಆಸುಪಾಸಿನ ಎಲೆ, ಎರಡನೆಯ ಹಂತಕ್ಕೆ ಒಂದೆರಡು ಗಣ್ಣು ಕೆಳಗಿನದು. ಅದಕ್ಕಿಂತ ಕೆಳಗಿನ ಒರಟು ಎಲೆ ದೊಡ್ಡ ಹುಳುವಿಗೆ. ಸೊಪ್ಪಿನಲ್ಲಿ ನೂರಕ್ಕೆ ಎಪ್ಪತ್ತೈದರ ಮೇಲೆ ನೀರಿರಬೇಕು, ಏಕೆಂದರೆ ಹುಳು ಬೇರೆ ನೀರು ಕುಡಿಯುವುದಿಲ್ಲ. ಹಾಗಾಗಿ ಕೊಯ್ಲು ಬೆಳಗಿನ ಜಾವ ಅಥವಾ ಸಂಜೆ, ಬಿಸಿಲಲ್ಲಿ ಎಂದೂ ಇಲ್ಲ. ಕೊಯ್ದ ಸೊಪ್ಪನ್ನು ಒದ್ದೆ ಗೋಣಿ ಹೊದಿಸಿ ಕತ್ತಲೆ ಮೂಲೆಯಲ್ಲಿಡುತ್ತಾರೆ. ಮಳೆಯಲ್ಲಿ ನೆಂದ ಸೊಪ್ಪು, ಧೂಳು ಮೆತ್ತಿದ ಸೊಪ್ಪು ಬೇಡ. ನಾಲೆಯ ಬಯಲಿನ ಈ ತಾಲ್ಲೂಕುಗಳಲ್ಲಿ ಇನ್ನೊಂದು ಎಚ್ಚರವೂ ಬೇಕು: ಪಕ್ಕದ ಭತ್ತದ ಗದ್ದೆಗೆ ಔಷಧಿ ಹೊಡೆದ ದಿನ ಗಾಳಿ ಯಾವ ಕಡೆಗಿತ್ತು ಎಂದು ಕೇಳಿಕೊಂಡೇ ಸೊಪ್ಪು ಕೊಯ್ಯಬೇಕು. ಕೀಟ ಸಾಯಲೆಂದು ಹೊಡೆದ ಔಷಧಿಗೆ ರೇಷ್ಮೆ ಹುಳುವೂ ಕೀಟವೇ.

ಚಾಕಿಯ ಸೊಪ್ಪಿಗಾಗಿ ಒಳ್ಳೆಯ ಮನೆಗಳು ತೋಟದಲ್ಲಿ ಬೇರೆಯದೇ ತುಂಡು ಇಟ್ಟುಕೊಂಡಿರುತ್ತವೆ. ಗೊಬ್ಬರ ಹೆಚ್ಚು, ನೀರು ಹೆಚ್ಚು, ಕತ್ತರಿಸುವ ಲೆಕ್ಕವೂ ಬೇರೆ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ ವಿ-1 ತಳಿ ಬಂದ ಮೇಲೆ ಸೊಪ್ಪಿನ ಬರ ಬಹಳ ಮಟ್ಟಿಗೆ ನೀಗಿತು. ಚಾಕಿಗೆಂದೇ ಅದೇ ಸಂಸ್ಥೆ ಜಿ-2 ಎಂಬ ತಳಿಯನ್ನೂ ಕೊಟ್ಟಿತು. ಅದಕ್ಕೂ ಮೊದಲು ಈ ಕಡೆಯ ತೋಟಗಳಲ್ಲೆಲ್ಲ ಕಾಣುತ್ತಿದ್ದದ್ದು ಕಣ್ವ-2. ಹಳಬರು ಇಂದಿಗೂ ಅದರ ಎಲೆಯ ರುಚಿಯನ್ನು ಹೊಗಳುತ್ತಾರೆ, ತಾವೇ ತಿಂದು ನೋಡಿದವರ ಹಾಗೆ.

ತಂದ ಸೊಪ್ಪನ್ನು ಹೆಚ್ಚುವುದು ನೋಡಬೇಕು. ಎಲೆಗಳನ್ನು ಒಂದರ ಮೇಲೊಂದು ಜೋಡಿಸಿ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಕತ್ತಿ ಆಡಿಸಿ, ಅರ್ಧ ಸೆಂಟಿಮೀಟರಿನ ಚೌಕಗಳನ್ನಾಗಿ ಮಾಡುತ್ತಾರೆ. ಎರಡನೆಯ ಹಂತಕ್ಕೆ ಚೌಕ ದೊಡ್ಡದು, ಒಂದರಿಂದ ಎರಡು ಸೆಂಟಿಮೀಟರ್. ಕೈ ಪಳಗಿದವರ ಚೂರಿನಲ್ಲಿ ಉದ್ದುದ್ದ ಎಳೆ ಒಂದೂ ಸಿಗದು. ಅಳತೆ ತಪ್ಪಿದರೆ ಒಂದು ಕಡೆ ಸೊಪ್ಪು ದಪ್ಪವಾಗಿ, ಒಂದು ಕಡೆ ತೆಳುವಾಗಿ ಬೀಳುತ್ತದೆ. ದಪ್ಪವಾದ ಕಡೆಯ ಹುಳು ಮುಂದೆ, ತೆಳುವಾದ ಕಡೆಯದು ಹಿಂದೆ. ಮತ್ತೆ ಅದೇ ಒಂದೇ ಸಮದ ಮಾತು. ಅದಕ್ಕೇ ಸೊಪ್ಪು ಉದುರಿಸುವ ಕೈ ತಟ್ಟೆಯಿಂದ ಇಷ್ಟೆತ್ತರ ಎಂದು ಇದ್ದು, ಬೆರಳ ಸಂದಿಯಿಂದ ಚೂರು ಸಮನಾಗಿ ಬೀಳುವಂತೆ ಅಲುಗುತ್ತಿರುತ್ತದೆ. ದಿನಕ್ಕೆ ಎರಡೋ ಮೂರೋ ಊಟ, ಗಡಿಯಾರದ ಪ್ರಕಾರ. ಮದುವೆ, ಜಾತ್ರೆ, ಊರಹಬ್ಬ ಯಾವುದಿದ್ದರೂ ಒಬ್ಬರು ಮನೆಯಲ್ಲಿ ಉಳಿಯಬೇಕು. ಉಳಿಯುವವರು ಸಾಮಾನ್ಯವಾಗಿ ಹೆಂಗಸರೇ.

ಹೆಚ್ಚಿದ ಸೊಪ್ಪು ಬೇಗ ಬಾಡುತ್ತದೆ. ಮೊದಲ ಹಂತದ ಹುಳುವಿಗೆ ಬೇಕಾದದ್ದು 27, 28 ಡಿಗ್ರಿ ಶಾಖ, ನೂರಕ್ಕೆ 85ರಿಂದ 90ರಷ್ಟು ತೇವ. ಇಡೀ ಕೋಣೆಯನ್ನು ಹಾಗಿಡುವುದು ಕಷ್ಟ. ಚಾಕಿಯವರು ಹಾಸಿಗೆಯನ್ನಷ್ಟೇ ಹಾಗಿಡುವ ದಾರಿ ಹಿಡಿದರು. ತಟ್ಟೆಯಲ್ಲಿ ಮೇಣದ ಕಾಗದ ಹಾಸಿ, ಅದರ ಮೇಲೆ ಹುಳು, ಸೊಪ್ಪು; ಸುತ್ತ ಅಂಚಿಗೆ ಒದ್ದೆ ಮಾಡಿ ಹಿಂಡಿದ ಫೋಮಿನ ಪಟ್ಟಿ; ಮೇಲೆ ಇನ್ನೊಂದು ಮೇಣದ ಕಾಗದದ ಹೊದಿಕೆ. ಒಳಗೆ ಸೊಪ್ಪು ಹೊತ್ತುಗಟ್ಟಲೆ ಹಸಿಯಾಗಿರುತ್ತದೆ. ಮುಂದಿನ ಊಟಕ್ಕೆ ಅರ್ಧ ಗಂಟೆ ಮೊದಲು ಹೊದಿಕೆ ತೆಗೆದು ಗಾಳಿಯಾಡಲು ಬಿಡುತ್ತಾರೆ. ಈ ಅರ್ಧ ಗಂಟೆ ಮರೆತರೆ ತಿಂದುಳಿದ ಸೊಪ್ಪು ಬೆವೆತು ಬೂಸ್ಟು ಹಿಡಿಯುತ್ತದೆ. ತೇವ ಬೇಕು, ಹಸಿ ಬೇಡ. ಇವೆರಡರ ನಡುವಿನ ಗೆರೆ ಮಳೆಗಾಲದಲ್ಲಿ ಒಂದು ಕಡೆ, ಶಿವರಾತ್ರಿ ಕಳೆದ ಮೇಲೆ ಇನ್ನೊಂದು ಕಡೆ. ಪುಸ್ತಕ ಅಂಕಿ ಕೊಡುತ್ತದೆ, ಗೆರೆ ಎಲ್ಲಿದೆಯೆಂದು ಅಂಗೈ ಹೇಳುತ್ತದೆ.

ಹುಳುಮನೆಯ ಬೆಳಕಿನ ವಿಷಯಕ್ಕೆ ಬಂದರೆ, ರೇಷ್ಮೆ ಹುಳು ಝಗಮಗ ಬೆಳಕನ್ನೂ ಒಲ್ಲದು, ಪೂರ್ತಿ ಕತ್ತಲೆಯನ್ನೂ ಒಲ್ಲದು. ಅದಕ್ಕೆ ಹಿತವಾದದ್ದು ಹದಿನೈದು, ಇಪ್ಪತ್ತು ಲಕ್ಸ್‌ನ ಮಬ್ಬು. ಪತ್ರಿಕೆಯ ತಲೆಬರಹ ಓದಬಹುದು, ಸಣ್ಣಕ್ಷರಕ್ಕೆ ಕಣ್ಣು ಕಿರಿದು ಮಾಡಬೇಕು. ಒಂದೇ ಕಿಟಕಿಯಿಂದ ಬೆಳಕು ಬರುವ ಕೋಣೆಯಲ್ಲಿ ಹುಳು ತಟ್ಟೆಯ ಒಂದು ಅಂಚಿಗೆ ಸೇರಿಕೊಳ್ಳುತ್ತದೆ. ಆದ್ದರಿಂದ ತಟ್ಟೆಗಳನ್ನು ಊಟ ಊಟಕ್ಕೂ ತಿರುಗಿಸಿಡುವುದು, ಮೇಲಿನ ಅಂಕಣದ್ದು ಕೆಳಗೆ, ಕೆಳಗಿನದು ಮೇಲೆ ಮಾಡುವುದು ರೂಢಿ. ಮೇಲಿನ ಅಂಕಣಕ್ಕೆ ಶಾಖವೂ ಹೆಚ್ಚು, ಹಾಗಾಗಿ ಈ ಒಂದು ಕೆಲಸದಿಂದ ಎರಡೂ ಸರಿಹೋಗುತ್ತವೆ. ರಾತ್ರಿಯಿಡೀ ಬಲ್ಬು ಉರಿಸಿ ಹುಳುವನ್ನು ಬೇಗ ಬೆಳೆಸುತ್ತೇನೆಂದು ಹೊರಡುವವರೂ ಇದ್ದಾರೆ. ಆಗುವುದು ತಿರುಗುಮುರುಗು. ಎಡೆಬಿಡದ ಬೆಳಕಿನಲ್ಲಿ ಹುಳು ನಿಧಾನವಾಗಿ ಬೆಳೆಯುತ್ತದೆ, ಕೆಲವು ಹುಳು ನಾಲ್ಕರ ಜಾಗದಲ್ಲಿ ಐದು ಜ್ವರ ಹೋಗುತ್ತವೆ, ಗೂಡಿನ ತೂಕವೂ ಇಳಿಯುತ್ತದೆ.

ಬೆಳಕಿನ ಮಾತು ಬಂತೆಂದು ಹೇಳುತ್ತೇನೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿಸಿತು. ಅದೇ ತಾಲ್ಲೂಕಿನ ಹುಳುಮನೆಗಳು ಅದಾದ ಮೇಲೂ ಎಷ್ಟೋ ಕಾಲ ಸೀಮೆಎಣ್ಣೆ ಬುಡ್ಡಿ, ಲಾಟೀನುಗಳಲ್ಲೇ ಚಾಕಿ ಕಟ್ಟಿದವು. ಇದರಲ್ಲಿ ಅನ್ಯಾಯವಿದೆ. ಹುಳುವಿನ ಮಟ್ಟಿಗೆ ಮಾತ್ರ ಲಾಟೀನಿನ ಮಬ್ಬು ಸರಿಯಾದ ಬೆಳಕೇ ಆಗಿತ್ತು. ಹೊಗೆ ತೊಂದರೆ ಕೊಡುತ್ತಿತ್ತು.

ಎರಡೂವರೆ, ಮೂರು ದಿನ ತಿಂದ ಮೇಲೆ ಮೊದಲ ಜ್ವರ. ಈಗ ಕಣ್ಣಿಗೆ ಕೆಲಸ. ಜ್ವರಕ್ಕೆ ಹೊರಟ ಹುಳುವಿನ ಮೈ ಬಿಗಿದು ಮಿರುಗುತ್ತದೆ, ಮೈಗೆ ಹೋಲಿಸಿದರೆ ತಲೆ ಚಿಕ್ಕದಾಗಿ ಕಾಣುತ್ತದೆ, ತಿನ್ನುವ ಚುರುಕು ಇಳಿಯುತ್ತದೆ. ಆ ಸೂಚನೆ ಸಿಕ್ಕಾಗ ಸೊಪ್ಪಿನ ಚೂರು ಇನ್ನೂ ಸಣ್ಣದಾಗಬೇಕು, ತೆಳುವಾಗಬೇಕು. ನೂರರಲ್ಲಿ ತೊಂಬತ್ತರಷ್ಟು ಕೂತವು ಎಂದಾಗ ಸೊಪ್ಪು ನಿಲ್ಲಿಸಿ, ಮೇಣದ ಕಾಗದ, ಒದ್ದೆ ಪಟ್ಟಿಗಳನ್ನೆಲ್ಲ ತೆಗೆದು, ಪುಡಿಸುಣ್ಣವನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಹಾಸಿಗೆಯ ಮೇಲೆ ಧೂಳಿನಂತೆ ಉದುರಿಸುತ್ತಾರೆ. ಸುಣ್ಣ ಹಾಸಿಗೆಯ ಹಸಿ ಹೀರುತ್ತದೆ. ಉಳಿದ ಸೊಪ್ಪನ್ನು ಒಣಗಿಸಿ, ಮೊದಲು ಎದ್ದ ಹುಳು ಅದನ್ನು ತಿನ್ನದಂತೆಯೂ ನೋಡಿಕೊಳ್ಳುತ್ತದೆ. ಹತ್ತಿರ ಹತ್ತಿರ ಒಂದು ದಿನ ಆ ತಟ್ಟೆಗಳನ್ನು ಯಾರೂ ಅಲುಗಿಸುವುದಿಲ್ಲ. ಜೋರು ಗಾಳಿ, ಜೋರು ಬೆಳಕು ಎರಡೂ ಬೇಡ. ಹಳೆಯ ಚರ್ಮದೊಳಗಿಂದ ಹುಳು ಮೈ ಎಳೆದುಕೊಂಡು ಬರುತ್ತಿರುತ್ತದೆ, ಒಣಗಾಳಿ ಬಡಿದರೆ ಅರ್ಧದಲ್ಲೇ ಸಿಕ್ಕಿಕೊಂಡು ಸಾಯುತ್ತದೆ.

ಕಷ್ಟದ ತೀರ್ಮಾನ ಇನ್ನು ಮುಂದಿನದು. ಬೆಳಗ್ಗೆ ನೋಡಿದರೆ ಮುಕ್ಕಾಲು ಪಾಲು ಹುಳು ಎದ್ದು, ತಲೆ ಅಲ್ಲಾಡಿಸುತ್ತ ಸೊಪ್ಪು ಹುಡುಕುತ್ತಿವೆ. ಕಾಲು ಪಾಲು ಇನ್ನೂ ಕೂತಿವೆ. ಹೊಸಬರ ಕೈ ತಡೆಯದು, ಹಸಿದಿವೆಯಲ್ಲ ಎಂದು ಸೊಪ್ಪು ಹಾಕಿಬಿಡುತ್ತಾರೆ. ಅನುಭವಸ್ಥರು ಕಾಯುತ್ತಾರೆ. ಈಗ ತಾನೇ ಎದ್ದ ಹುಳುವಿನ ದವಡೆ ಇನ್ನೂ ಮೆತ್ತಗಿರುತ್ತದೆ, ಅದು ಕೆಲವು ಗಂಟೆ ಉಪವಾಸ ತಡೆಯುತ್ತದೆ. ತಡೆಯದೆ ಇರುವುದು ಆ ಬೆಳೆಯ ಸಮತೆ. ನೂರಕ್ಕೆ ತೊಂಬತ್ತೈದು ಎದ್ದ ಮೇಲೆ ಒಟ್ಟಿಗೆ ಮೊದಲ ಊಟ. ಅದಕ್ಕೆ ಮೊದಲು ಹಾಸಿಗೆಯ ಮೇಲೆ ‘ವಿಜೇತ’ ಎಂಬ ಸೋಂಕು ನಿವಾರಕ ಪುಡಿ ಉದುರಿಸಿ ಅರ್ಧ ಗಂಟೆ ಬಿಡುತ್ತಾರೆ, ಇದೂ ಮೈಸೂರಿನ ಸಂಸ್ಥೆಯದೇ ಕೊಡುಗೆ. ಈ ತಾಲ್ಲೂಕುಗಳಲ್ಲಿ ಹುಳುಮನೆಯ ಬಾಗಿಲಲ್ಲಿ ನಡೆಯುವ ಮಾತು ಬಹುಪಾಲು ಹುಳು ಏಳುವುದರ ಸುತ್ತಲೇ.

“ಹುಳ ಎದ್ದವಾ ಅಕ್ಕ?”

“ಇನ್ನೂ ಅರ್ಧಂಬರ್ಧ ಕಣಣ್ಣ. ಸಂಜೆಗಂಟ ಸೊಪ್ಪು ಬೇಡ.”

ಬಾಗಿಲಲ್ಲೇ ಮಾತಾಡಿ ಕಳಿಸುವುದಕ್ಕೂ ಕಾರಣವಿದೆ. ಹುಳುಮನೆಯೊಳಕ್ಕೆ ಹೊರಗಿನವರನ್ನು ಬಿಡುವುದಿಲ್ಲ. ಕಣ್ಣಾಗುತ್ತದೆ ಎಂದು ಅಜ್ಜಿಯರು, ಸೋಂಕಾಗುತ್ತದೆ ಎಂದು ರೇಷ್ಮೆ ಇಲಾಖೆಯವರು. ಇಬ್ಬರ ಮಾತಿನಿಂದಲೂ ಬಾಗಿಲು ಮುಚ್ಚಿಯೇ ಇರುತ್ತದೆ. ನನಗೆ ಜಗಳಕ್ಕೆ ಕಾರಣ ಕಾಣುವುದಿಲ್ಲ. ಹೊಸ್ತಿಲಲ್ಲಿ ಬ್ಲೀಚಿಂಗ್ ಪುಡಿ ಬೆರೆಸಿದ ಸುಣ್ಣ, ಒಳಗಿನ ಚಪ್ಪಲಿ ಬೇರೆ, ಕೈ ತೊಳೆಯಲು ಸೋಂಕು ನಿವಾರಕದ ಬೋಗುಣಿ. ಸುಣ್ಣಕಟ್ಟು, ಹಾಲುತೊಂಡೆ, ಸಪ್ಪೆ, ಗಂಟು: ನಾಲ್ಕೂ ಹಳೆಯ ಶತ್ರುಗಳು. ಇವುಗಳಲ್ಲಿ ಗಂಟುರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಯ ಮೂಲಕವೇ ಬರುತ್ತದೆ. ಫ್ರಾನ್ಸಿನ ರೇಷ್ಮೆಯನ್ನು ಅದು ಮುಳುಗಿಸುತ್ತಿದ್ದಾಗ, 1860ರ ದಶಕದಲ್ಲಿ, ಲೂಯಿ ಪಾಶ್ಚರ್ ಮೊಟ್ಟೆಯಿಟ್ಟ ಚಿಟ್ಟೆಯನ್ನೇ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಸೋಂಕಿದ್ದರೆ ಅದರ ಮೊಟ್ಟೆಯನ್ನು ಸುಟ್ಟುಹಾಕುವ ಕ್ರಮ ತಂದ. ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ನಡೆಯುವುದು ಅದೇ. ಚಾಕಿ ಹಂತದಲ್ಲಿ ಹತ್ತಿದ ಸೋಂಕು ಕೂಡಲೇ ಕಾಣಿಸಿಕೊಳ್ಳದೆ ಐದನೆಯ ಹಂತದಲ್ಲಿ, ಸೊಪ್ಪಿನ ಖರ್ಚೆಲ್ಲ ಆದ ಮೇಲೆ, ಮೇಲೆದ್ದು ಬರುವುದುಂಟು. ಆಗ ರೈತ ಹವೆಯನ್ನು ಬೈಯುತ್ತಾನೆ.

ಹಿಂದೆ ಪ್ರತಿ ಮನೆಯೂ ತನ್ನ ಚಾಕಿ ತಾನೇ ಕಟ್ಟುತ್ತಿತ್ತು. ಅಡುಗೆಮನೆಯ ಹೊಗೆ, ಮಕ್ಕಳ ಓಡಾಟ, ದೊಡ್ಡ ಹುಳುವಿನ ಕಸ ಎಲ್ಲದರ ನಡುವೆ. ಈಗ ಬಹುಪಾಲು ರೈತರು ಚಾಕಿ ಸಾಕಣೆ ಕೇಂದ್ರದಿಂದ ಎರಡನೇ ಜ್ವರದ ಹುಳುವನ್ನೇ ಕೊಳ್ಳುತ್ತಾರೆ. ಸರ್ಕಾರದವೂ ಇವೆ, ಖಾಸಗಿಯವರು ನಡೆಸುವವೂ ಇವೆ. ಹಳೆಯ ಕೈಚಳಕ ಮನೆಗಳಿಂದ ಹೋಯಿತಲ್ಲ ಎಂದು ಮರುಗುವವರಿದ್ದಾರೆ, ನಾನು ಅವರ ಜೊತೆಗಿಲ್ಲ. ಕೈಚಳಕ ಎಲ್ಲೂ ಹೋಗಿಲ್ಲ, ಹತ್ತು ಮನೆಯದು ಒಂದು ಕಡೆ ಸೇರಿದೆ. ಆ ಕೇಂದ್ರಗಳಲ್ಲಿ ಸೊಪ್ಪು ಹೆಚ್ಚುವವರು, ಜ್ವರ ನೋಡುವವರು ಹೆಚ್ಚಾಗಿ ಇದೇ ಊರುಗಳ ಹೆಣ್ಣುಮಕ್ಕಳು. ಸಂಬಳ ಕೈಗೆ ಬರುತ್ತದೆ. ಮೊದಲು ಒಳ್ಳೆಯ ಚಾಕಿ ಸಿಗದಿದ್ದ ಬಡ ರೈತನಿಗೂ ದೊಡ್ಡ ರೈತನಿಗೆ ಸಿಗುವ ಹುಳುವೇ ಸಿಗುತ್ತದೆ.

ಕೇಂದ್ರದವರಿಗೆ ಹುಳು ಕೊಡುವ ದಿನವನ್ನು ವಾರಗಳ ಮೊದಲೇ ಹೇಳಿಡಬೇಕು. ರೈತ ತನ್ನ ತೋಟವನ್ನು ಕತ್ತರಿಸಿದ ದಿನದಿಂದ ಎಣಿಸಿ, ಸೊಪ್ಪು ಹದಕ್ಕೆ ಬರುವ ವಾರಕ್ಕೆ ದೊಡ್ಡ ಹುಳು ಬರುವಂತೆ ಲೆಕ್ಕ ಹಾಕಿ ಬರುತ್ತಾನೆ. ಸಾಗಿಸುವುದು ಹುಳು ಜ್ವರದಲ್ಲಿರುವಾಗ, ಬೆಳಗಿನ ಜಾವ ಅಥವಾ ಸಂಜೆ ತಂಪಿಗೆ. ಆಗ ದಾರಿಯಲ್ಲಿ ಮೇವು ಬೇಕಿಲ್ಲ, ಹುಳುವಿಗೆ ಅಲುಗಾಟದ ಬಾಧೆ ಕಡಿಮೆಯಾಗುವಂತೆ ತಟ್ಟೆಗಳನ್ನು ಒತ್ತಾಗಿ ಪೇರಿಸಿ ಕಟ್ಟಿರುತ್ತಾರೆ. ತಟ್ಟೆ ಇಳಿಸಿಕೊಳ್ಳುವ ರೈತ ಮೊದಲು ಕಾಗದ ಸರಿಸಿ ಹುಳುವಿನ ಗಾತ್ರ ನೋಡುತ್ತಾನೆ. ಎಲ್ಲ ಒಂದೇ ಅಳತೆ ಇದ್ದರೆ ಹೆಚ್ಚು ಮಾತಿಲ್ಲ. ದೊಡ್ಡದು, ಚಿಕ್ಕದು ಬೆರೆತಿದ್ದರೆ ಕೇಂದ್ರದವರ ಬಾಯಿಂದ ಕಾರಣ ಹೊರಡಿಸುವವರೆಗೂ ದುಡ್ಡು ಜೇಬಿನಲ್ಲೇ ಇರುತ್ತದೆ. ದುಡ್ಡು ಕೊಟ್ಟ ಮೇಲೂ ಒಂದು ಪ್ರಶ್ನೆ ಕೇಳಿಯೇ ಹೋಗುವುದು: ಕೊನೆಯ ಸೊಪ್ಪು ಎಷ್ಟು ಹೊತ್ತಿಗೆ ಹಾಕಿದ್ದಿರಿ? ಆ ಗಂಟೆಯಿಂದ ಎಣಿಸಿ, ಹುಳು ಏಳುವ ಹೊತ್ತಿಗೆ ತೋಟದಲ್ಲಿ ಕೊಯ್ಲಿನವರು ಇರಬೇಕು.